ಬಾಬಾಬುಡನ್‌ಗಿರಿಯ ಕಾಫಿ ನಮ್ಮ ಮನೆ ಫಿಲ್ಟರ್‌ನಲ್ಲಿ ಹುಳಿಯಾಗುವುದೇಕೆ?

ಪ್ರಶ್ನೆ: ಚಿಕ್ಕಮಗಳೂರಿಗೆ ಹೋಗಿದ್ದ ಮಗಳು 250 ಗ್ರಾಂ ಕಾಫಿ ಬೀಜದ ಪೊಟ್ಟಣ ತಂದಿದ್ದಾಳೆ. ಮೇಲೆ ‘ಬಾಬಾಬುಡನ್‌ಗಿರಿ ಅರೇಬಿಕಾ, ಎಸ್.795, ವಾಶ್ಡ್, ಲೈಟ್-ಮೀಡಿಯಂ ರೋಸ್ಟ್, 1,250 ಮೀಟರ್’ ಎಂದೆಲ್ಲ ಬರೆದಿದೆ. ಬೆಲೆ 650 ರೂಪಾಯಿ. ಮಿಕ್ಸಿಯಲ್ಲಿ ಪುಡಿ ಮಾಡಿ, ಎಂದಿನಂತೆ ಸ್ಟೀಲ್ ಫಿಲ್ಟರ್‌ಗೆ ಹಾಕಿ ಡಿಕಾಕ್ಷನ್ ಇಳಿಸಿದೆ. ಬಣ್ಣವೇ ಬರಲಿಲ್ಲ. ಹಾಲು ಬೆರೆಸಿದರೆ ನೀರು ನೀರು, ಜೊತೆಗೆ ಹುಳಿ. ‘ಮೋಸ ಹೋದಿರಿ’ ಅಂತ ಮನೆಯಲ್ಲಿ ನಗುತ್ತಿದ್ದಾರೆ. ಕಾಫಿಯೇ ಕೆಟ್ಟದ್ದೋ, ನಾನು ಮಾಡಿದ್ದು ತಪ್ಪೋ? ಇದಕ್ಕೆ ಮೆಷೀನೇ ಬೇಕಾ?
— ಓದುಗರು, ದಾವಣಗೆರೆ

ಉತ್ತರ: ಮೋಸ ಆಗಿರುವ ಹಾಗೆ ಕಾಣುವುದಿಲ್ಲ. ಹಾಲಿನ ಕಾಫಿಗೆಂದು ಹುಟ್ಟಿದ ಫಿಲ್ಟರ್‌ಗೆ, ಹಾಲಿಲ್ಲದೆ ಕುಡಿಯಲೆಂದು ಹುರಿದ ಬೀಜ ಹಾಕಿದ್ದೀರಿ. ನೀವು ಹೇಳಿದ ಮೂರೂ ದೂರುಗಳು, ಅಂದರೆ ಬಣ್ಣ ಇಲ್ಲದಿರುವುದು, ನೀರಾಗಿರುವುದು, ಹುಳಿ, ಎಲ್ಲವೂ ಮುಖ್ಯವಾಗಿ ಇದರಿಂದಲೇ ಬರುತ್ತವೆ. ಮೆಷೀನ್ ಬೇಡ. ಅದೇ ಸ್ಟೀಲ್ ಫಿಲ್ಟರ್‌ನಲ್ಲೇ ಇದನ್ನು ಒಳ್ಳೆಯ ಕಾಫಿ ಮಾಡಬಹುದು, ಮಾಡುವ ಕ್ರಮ ತುಸು ಬದಲಾಗಬೇಕು.

ನಮ್ಮ ಫಿಲ್ಟರ್ ಕಾಫಿಯ ಲೆಕ್ಕ ಹೀಗಿದೆ: ಒಂದು ಪಾಲು ಪುಡಿಗೆ ಐದಾರು ಪಾಲು ನೀರು, ಅದೂ ಒಂದೇ ಸಲ. ಇಷ್ಟು ಕಡಿಮೆ ನೀರಿನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಯಬೇಕಾದರೆ ಪುಡಿ ತನ್ನಲ್ಲಿರುವುದನ್ನು ಬೇಗ ಬಿಟ್ಟುಕೊಡಬೇಕು. ಕಪ್ಪಗೆ ಹುರಿದ ಬೀಜ ಹಾಗೆ ಬಿಟ್ಟುಕೊಡುತ್ತದೆ. ಹೆಚ್ಚು ಹುರಿದಷ್ಟೂ ಬೀಜ ಉಬ್ಬಿ, ಒಳಗೆಲ್ಲ ಪೊಳ್ಳಾಗಿ, ಬೆರಳಲ್ಲಿ ಮುರಿಯುವಷ್ಟು ಗರಿಯಾಗಿರುತ್ತದೆ. ಅದರ ಹುಳಿಯಲ್ಲಿ ಬಹುಪಾಲು ಹುರಿಯುವಾಗಲೇ ಹೋಗಿರುತ್ತದೆ. ಜೊತೆಗೆ ಅಂಗಡಿಯ ಪುಡಿಯಲ್ಲಿ ಸಾಮಾನ್ಯವಾಗಿ ಚಿಕೋರಿ ಇರುತ್ತದೆ. ಅದು ಕಾಫಿಗಿಂತ ಬಹಳ ಹೆಚ್ಚು ಕರಗುವ ಬೇರು. ನೀವು ಹುಡುಕುತ್ತಿದ್ದ ಬಣ್ಣ ಮತ್ತು ಮಂದತನದಲ್ಲಿ ದೊಡ್ಡ ಪಾಲು ಚಿಕೋರಿಯದ್ದೇ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇದ್ದರೆ ಸಾಕೆಂದು ನಮ್ಮ ಆಹಾರ ನಿಯಮವೇ ಹೇಳುತ್ತದೆ. ಆದ್ದರಿಂದ ಕೆಲವು ಪೊಟ್ಟಣಗಳಲ್ಲಿ ಅರ್ಧದ ಹತ್ತಿರ ಚಿಕೋರಿಯೇ ಇರುತ್ತದೆ. ನನಗೆ ಚಿಕೋರಿಯ ಮೇಲೆ ಸಿಟ್ಟೇನಿಲ್ಲ. ಹಾಲಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಆ ನಾಲಿಗೆಯಿಂದ ಈ ಬೀಜವನ್ನು ಅಳೆದರೆ ತಾಳೆಯಾಗುವುದಿಲ್ಲ.

ಈಗ ನಿಮ್ಮ ಬೀಜಕ್ಕೆ ಬರೋಣ. ಗಿರಿಯ ಎತ್ತರದಲ್ಲಿ ರಾತ್ರಿ ತಂಪು, ಮೇಲೆ ಮರಗಳ ನೆರಳು. ಸಿಲ್ವರ್ ಓಕ್, ಹಾಲುವಾಣ, ಹಲಸು, ಅತ್ತಿ ಇವುಗಳ ಕೆಳಗೆ ಬೆಳೆದ ಹಣ್ಣು ನಿಧಾನವಾಗಿ ಮಾಗುತ್ತದೆ. ನಿಧಾನವಾಗಿ ಮಾಗಿದ ಹಣ್ಣಿನ ಬೀಜ ಗಟ್ಟಿ. ಸಕ್ಕರೆಯೂ ಹುಳಿಯೂ ಅದರಲ್ಲಿ ಚೆನ್ನಾಗಿ ಕೂಡಿರುತ್ತವೆ. ಅಂಥ ಬೀಜವನ್ನು ಹದವಾಗಿ, ಕಡಿಮೆ ಹುರಿದಿದ್ದಾರೆ. ಹಾಗಾಗಿ ಅದು ಇನ್ನೂ ಗಟ್ಟಿಯಾಗಿಯೇ ಇದೆ, ನೀರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹುರಿದ ಬೀಜದ ತೂಕದಲ್ಲಿ ಸುಮಾರು 30% ಮಾತ್ರ ನೀರಿಗೆ ಕರಗಬಲ್ಲದು. ಬೀಜದ ತೂಕದ 18ರಿಂದ 22% ಬಟ್ಟಲಿಗೆ ಇಳಿದರೆ ರುಚಿ ಸರಿಯಾಗಿರುತ್ತದೆ ಎಂಬುದು ವೃತ್ತಿಯವರ ಅಂದಾಜು. ಇಳಿಯುವಾಗ ಹುಳಿ ಮೊದಲು ಬರುತ್ತದೆ, ಸಿಹಿ ಆಮೇಲೆ, ಕಹಿ ಮತ್ತು ಒಗರು ಕೊನೆಗೆ. ನಿಮ್ಮ ಫಿಲ್ಟರ್‌ನಲ್ಲಿ ಹುಳಿ ಇಳಿಯುವಷ್ಟರಲ್ಲಿ ನೀರು ಮುಗಿದುಹೋಗಿದೆ. ಸಿಹಿಯೆಲ್ಲ ನೀವು ಎಸೆದ ಚರಟದಲ್ಲೇ ಉಳಿಯಿತು.

ಪೊಟ್ಟಣದ ಮೇಲಿನ ಬರಹದ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ‘ಮೋಸ’ದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಎಸ್.795 ನಮ್ಮದೇ ತಳಿ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರದಲ್ಲಿ, ಎಲೆತುಕ್ಕು ರೋಗ ತಡೆಯಬೇಕೆಂದು, ಎಸ್.288 ಎಂಬ ಗಿಡಕ್ಕೆ ಕೆಂಟ್ ತಳಿಯನ್ನು ಕೂಡಿಸಿ ಪಡೆದದ್ದು. ಎಸ್.288ರಲ್ಲಿ ಲೈಬೀರಿಕಾ ಎಂಬ ಬೇರೊಂದು ಕಾಫಿ ಜಾತಿಯ ಅಂಶವಿದೆ, ರೋಗ ತಡೆಯುವ ಗುಣ ಬಂದದ್ದು ಅಲ್ಲಿಂದ. ಕೆಂಟ್ ಕೊಟ್ಟದ್ದು ರುಚಿ. 1940ರ ದಶಕದಲ್ಲಿ ತೋಟಗಳಿಗೆ ಬಂದ ಈ ತಳಿಯನ್ನು, ಈಚಿನ ಗಿಡ್ಡ ತಳಿಗಳು ಬಂದ ಮೇಲೂ ಎಷ್ಟೋ ಬೆಳೆಗಾರರು ಕೈಬಿಟ್ಟಿಲ್ಲ. ಬಿಳಿ ಕಾಂಡಕೊರಕದ ಕಾಟ ಇದ್ದರೂ ಬಟ್ಟಲಲ್ಲಿ ಇದು ಕೊಡುವ ಹದ ಬೇರೆ. ಹುಳಿ ಮೆಲುವಾಗಿರುತ್ತದೆ, ಮಂದತನ ಚೆನ್ನಾಗಿರುತ್ತದೆ, ಕೊನೆಗೆ ಕೋಕೋದ ನೆನಪು ಬರುತ್ತದೆ. ಇಥಿಯೋಪಿಯಾ, ಕೀನ್ಯಾದ ಕಾಫಿಗಳ ಪಕ್ಕ ಇಟ್ಟರೆ ನಮ್ಮ ಗಿರಿಯ ಕಾಫಿ ಹುಳಿಯಲ್ಲಿ ಸೌಮ್ಯ. ಹೀಗಾಗಿ ನಿಮ್ಮ ಬಟ್ಟಲಲ್ಲಿ ಬಂದ ಚುಚ್ಚುವ ಹುಳಿಗೆ ತಳಿಯೂ ತೋಟವೂ ಕಾರಣವಲ್ಲ.

‘ವಾಶ್ಡ್’ ಎಂದರೆ ಕೊಯ್ದ ದಿನವೇ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಲೋಳೆ ಬಿಡುವವರೆಗೆ ತೊಟ್ಟಿಯಲ್ಲಿಟ್ಟು, ತೊಳೆದು, ಕಣದಲ್ಲಿ ಒಣಗಿಸಿದ್ದು. ಬೆಳೆಗಾರರು ಪಾರ್ಚ್‌ಮೆಂಟ್ ಎನ್ನುವುದು ಇದನ್ನೇ. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಅದು ಚೆರಿ, ಪೊಟ್ಟಣದ ಭಾಷೆಯಲ್ಲಿ ‘ನ್ಯಾಚುರಲ್’. ಅದರಲ್ಲಿ ಹಣ್ಣಿನ ವಾಸನೆ ಜೋರು, ಕೆಲವೊಮ್ಮೆ ಹಲಸಿನ ಹಣ್ಣು ಬಿಡಿಸಿದ ಕೋಣೆಯಷ್ಟು. ಮೊದಲ ಸಲಕ್ಕೆ ನಿಮಗೆ ವಾಶ್ಡ್ ಸಿಕ್ಕಿರುವುದು ಒಳ್ಳೆಯದೇ ಆಯಿತು.

650 ರೂಪಾಯಿ ಹೆಚ್ಚೇ? ಮಾಮೂಲಿ ಪುಡಿಗೆ ಹೋಲಿಸಿದರೆ ಹೌದು. ಆದರೆ ಒಂದೇ ಗಿಡದಲ್ಲಿ ಹಣ್ಣು, ದೋರೆ, ಕಾಯಿ ಎಲ್ಲ ಒಟ್ಟಿಗೆ ಇರುತ್ತವೆ. ಒಂದೇ ಸಲ ಸೆಳೆದು ಕೊಯ್ದರೆ ಕೂಲಿ ಉಳಿಯುತ್ತದೆ. ಕೆಂಪು ಹಣ್ಣು ಮಾತ್ರ ಆರಿಸಿ ಮೂರು-ನಾಲ್ಕು ಸುತ್ತು ಕೊಯ್ದರೆ ರುಚಿ ಉಳಿಯುತ್ತದೆ. ಮಲೆನಾಡಿನಲ್ಲಿ ಈಗ ಕೊಯ್ಲಿಗೆ ಆಳು ಸಿಗುವುದೇ ಕಷ್ಟ, ಹಾಗಾಗಿ ಆ ಹೆಚ್ಚಿನ ಸುತ್ತುಗಳ ಕೂಲಿಯೇ ಬೆಲೆಯಲ್ಲಿ ದೊಡ್ಡದು. ಇನ್ನೊಂದು ವಿಷಯ, ತೋಟದ ಹೆಸರು ಹೊತ್ತ ಇಂಥ ಪೊಟ್ಟಣ ನಮ್ಮ ಹಿಂದಿನ ತಲೆಮಾರಿಗೆ ಸಿಗುವ ಹಾಗೇ ಇರಲಿಲ್ಲ. 1940ರ ದಶಕದಿಂದ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡ್‌ನ ಪೂಲ್‌ಗೆ ಒಪ್ಪಿಸಬೇಕಿತ್ತು. ಅಲ್ಲಿ ದರ್ಜೆ ನೋಡಿ ಎಲ್ಲರದನ್ನೂ ಒಟ್ಟುಗೂಡಿಸಿ ಮಾರುತ್ತಿದ್ದರು. ಎಷ್ಟು ಜತನದಿಂದ ಒಣಗಿಸಿದರೂ ಪಕ್ಕದ ತೋಟದ ಕಾಫಿಯೊಂದಿಗೆ ಬೆರೆತುಹೋಗುತ್ತಿತ್ತು. 1996ರ ಹೊತ್ತಿಗೆ ಬೆಳೆಗಾರರೆಲ್ಲ ಪೂರ್ತಿ ಬೆಳೆಯನ್ನು ತಾವೇ ಮಾರುವ ಹಾಗಾದ ಮೇಲೆಯೇ ತೋಟದ ಹೆಸರಿಗೆ ಬೆಲೆ ಬಂದದ್ದು.

ಒಂದು ಎಚ್ಚರ ಮಾತ್ರ ಇರಲಿ. ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೂ ಅದೇ ವರ್ಷ. ಅದು ಊರನ್ನು ಖಾತ್ರಿಪಡಿಸುತ್ತದೆ, ರುಚಿಯನ್ನಲ್ಲ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಕಥೆ ಅಚ್ಚಾಗಿದ್ದರೆ ಅದಕ್ಕಾಗಿ ಹಣ ಕೊಡಬೇಡಿ. ಹುರಿದ ದಿನಾಂಕ ಅಚ್ಚಾಗಿದ್ದರೆ ಕೊಡಿ. ಲೈಟ್-ಮೀಡಿಯಂ ಬೀಜವನ್ನು ಹುರಿದ ಒಂದು ವಾರದ ಮೇಲೆ, ಐದಾರು ವಾರದೊಳಗೆ ಕುಡಿಯುವುದು ಒಳ್ಳೆಯದು. ಹುರಿದ ಹೊಸದರಲ್ಲಿ ಬೀಜದೊಳಗಿನ ಅನಿಲ ನೀರನ್ನು ಒಳಗೆ ಬಿಡುವುದಿಲ್ಲ, ಅದೂ ಹುಳಿಗೆ ಒಂದು ಕಾರಣ. ‘ಕಿತ್ತಳೆ, ಜೇನು, ಏಲಕ್ಕಿ’ ಎಂದು ಬರೆದಿದ್ದರೆ ಅವನ್ನು ಬೆರೆಸಿದ್ದಾರೆಂದು ತಿಳಿಯಬೇಡಿ. ರುಚಿ ನೋಡಿದವರಿಗೆ ನೆನಪಾದದ್ದು, ಅಷ್ಟೆ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುವುದರಿಂದ ಬೀಜಕ್ಕೆ ಮೆಣಸಿನ ಘಮ ಬರುತ್ತದೆ ಎಂದು ತೋಟ ತೋರಿಸುವವರು ಹೇಳುವುದುಂಟು. ನಾನು ನಂಬುವುದಿಲ್ಲ. ಆದರೆ ಕಾಫಿ ಬೀಜ ಸುತ್ತಲಿನ ವಾಸನೆ ಹೀರುವುದು ನಿಜ. ನಿಮ್ಮ ಪೊಟ್ಟಣವನ್ನು ಇಂಗು, ಸಾರಿನ ಪುಡಿ ಇಡುವ ಕಪಾಟಿನಲ್ಲಿ ಇಟ್ಟಿದ್ದರೆ ಈಗಲೇ ತೆಗೆಯಿರಿ.

ಇನ್ನು ಮಾಡುವ ಬಗೆ. ಮೊದಲು ಯಾವ ಸಲಕರಣೆಯೂ ಇಲ್ಲದೆ ಬೀಜದ ಗುಣ ನೋಡಿಬಿಡಿ. ರುಚಿ ಪರೀಕ್ಷಿಸುವವರು ಮಾಡುವುದೂ ಇದನ್ನೇ, ಕಪ್ಪಿಂಗ್ ಎನ್ನುತ್ತಾರೆ. 11 ಗ್ರಾಂ ಪುಡಿಯನ್ನು ಒಂದು ಪಿಂಗಾಣಿ ಬಟ್ಟಲಿಗೆ ಹಾಕಿ, ಒಲೆಯಿಂದ ಆಗಷ್ಟೇ ಇಳಿಸಿದ 200 ಮಿಲಿ ನೀರು ಸುರಿಯಿರಿ. ನಾಲ್ಕು ನಿಮಿಷ ಮುಟ್ಟಬೇಡಿ. ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಒಡೆದು, ಆಗ ಬರುವ ಘಮ ನೋಡಿ, ನೊರೆ ತೆಗೆದುಬಿಡಿ. ಹತ್ತು ನಿಮಿಷ ಕಳೆದ ಮೇಲೆ, ತಳದ ಚರಟ ಕದಡದಂತೆ ಚಮಚದಲ್ಲಿ ತೆಗೆದುಕೊಂಡು ಸೊರ್ರನೆ ಹೀರಿ. ಸದ್ದು ಬಂದರೆ ಬರಲಿ, ನಾಲಿಗೆ ತುಂಬ ಹರಡಬೇಕು. ಇಲ್ಲಿ ಹಿತವಾದ ರುಚಿ ಸಿಕ್ಕಿತೆಂದರೆ ಬೀಜ ಸರಿಯಿದೆ, ಉಳಿದದ್ದು ನಮ್ಮ ಕೈಯಲ್ಲಿದೆ. ಇಲ್ಲೂ ಸಿಪ್ಪೆಯ ಒಗರು, ಹಸಿ ಕಡಲೆಬೀಜದ ರುಚಿ ಬಂದರೆ ಹುರಿದವರು ಬೀಜವನ್ನು ಒಳಗಿನವರೆಗೆ ಬೇಯಿಸಿಲ್ಲ. ಆಗ ನೀವು ಏನು ಮಾಡಿದರೂ ಅಷ್ಟೆ.

ಬಿಸಿಯ ಬಗ್ಗೆಯೂ ಹೇಳಬೇಕು. ನಾವು ಕಾಫಿಯನ್ನು ಸುಡುಸುಡು ಕುಡಿಯುವವರು. ಅಷ್ಟು ಬಿಸಿಯಲ್ಲಿ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಇಂಥ ಕಾಫಿಯನ್ನು ಐದಾರು ನಿಮಿಷ ಆರಲು ಬಿಟ್ಟು ಕುಡಿದರೆ, ಮೊದಲ ಗುಟುಕಿಗೂ ಕೊನೆಯದಕ್ಕೂ ಬೇರೆ ಬೇರೆ ರುಚಿ ಸಿಗುತ್ತದೆ.

ಈಗ ಪುಡಿ. ನಿಮ್ಮ ತೊಂದರೆಯಲ್ಲಿ ಒಂದು ಪಾಲು ಮಿಕ್ಸಿಯದ್ದೂ ಇದೆ. ಮಿಕ್ಸಿಯ ಬ್ಲೇಡ್ ಬೀಜವನ್ನು ಅರೆಯುವುದಿಲ್ಲ, ಹೊಡೆದು ಚೂರು ಮಾಡುತ್ತದೆ. ಹಾಗಾಗಿ ಹಿಟ್ಟೂ ನುಚ್ಚೂ ಒಟ್ಟಿಗೆ ಇರುತ್ತವೆ. ಹಿಟ್ಟಿನಿಂದ ಕಹಿ ಇಳಿಯುತ್ತದೆ, ನುಚ್ಚಿನಿಂದ ಹುಳಿ ಮಾತ್ರ. ಮಿಕ್ಸಿಯೇ ಗತಿಯೆಂದರೆ ಚಿಕ್ಕ ಜಾರ್‌ನಲ್ಲಿ ಸ್ವಲ್ಪವೇ ಬೀಜ ಹಾಕಿ, ಒಂದೆರಡು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಜಾರ್ ಕುಲುಕಿ. ಆಮೇಲೆ ಟೀ ಸೋಸುವ ಜರಡಿಯಲ್ಲಿ ಸಾಣಿಸಿ, ಮೇಲೆ ಉಳಿದ ನುಚ್ಚನ್ನು ಮತ್ತೊಮ್ಮೆ ತಿರುಗಿಸಿ. ಅಂದಂದಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಿ, ಪುಡಿಯಾದ ಕಾಫಿಯ ಘಮ ಗಂಟೆಗಳ ಲೆಕ್ಕದಲ್ಲಿ ಹೋಗುತ್ತದೆ. ಎಷ್ಟು ನುಣ್ಣಗೆ ಎಂಬುದಕ್ಕೆ ಅಡುಗೆಮನೆಯ ಅಳತೆ: ಸ್ಟೀಲ್ ಫಿಲ್ಟರ್‌ಗೆ ಚಿರೋಟಿ ರವೆ, ಕಾಗದದ ಸೋಸುಕಕ್ಕೆ ಉಪ್ಪಿಟ್ಟಿನ ರವೆ, ಫ್ರೆಂಚ್ ಪ್ರೆಸ್‌ಗೆ (ಪುಡಿಯನ್ನು ನೀರಲ್ಲಿ ನೆನೆಸಿ, ಮೇಲಿನಿಂದ ಜರಡಿ ಒತ್ತುವ ಪಾತ್ರೆ) ಇಡ್ಲಿ ರವೆ.

ಸ್ಟೀಲ್ ಫಿಲ್ಟರ್‌ನಲ್ಲಿ ಹೀಗೆ ಮಾಡಿ. ಮೇಲಿನ ಪಾತ್ರೆಯನ್ನು ಬಿಸಿನೀರಲ್ಲಿ ತೊಳೆದು, 20 ಗ್ರಾಂ ಪುಡಿ ಹಾಕಿ ಸಮ ಮಾಡಿ. ತೂತಿನ ಬಿಲ್ಲೆಯನ್ನು ಮೇಲೆ ಇಡಿ ಸಾಕು, ಒತ್ತಬೇಡಿ. ಕುದಿಯುವ ನೀರು 40 ಮಿಲಿ ಸುರಿದು ಒಂದು ನಿಮಿಷ ಬಿಡಿ, ಪುಡಿ ಉಬ್ಬಿ ಅನಿಲ ಬಿಡುತ್ತದೆ. ಆಮೇಲೆ ಇನ್ನು 80 ಮಿಲಿ ಹಾಕಿ ಮುಚ್ಚಿಡಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಸುಮಾರು 80 ಮಿಲಿ ಕೆಳಗಿಳಿಯುತ್ತದೆ. ನೀವು ಮೊದಲು ನಿಲ್ಲಿಸಿದ್ದು ಇಲ್ಲಿ. ಈಗ ನಿಲ್ಲಿಸದೆ, ಮತ್ತೆ 120 ಮಿಲಿ ಕುದಿಯುವ ನೀರು ಹಾಕಿ, ಎರಡನೇ ಡಿಕಾಕ್ಷನ್ ಅದೇ ಪಾತ್ರೆಗೆ ಇಳಿಯಲಿ. ಅಜ್ಜಿಯಂದಿರು ಉಳಿತಾಯಕ್ಕೆಂದು ಇಳಿಸುತ್ತಿದ್ದ ಎರಡನೇ ಡಿಕಾಕ್ಷನ್ ಇದೇ. ಕಪ್ಪಗೆ ಹುರಿದ ಪುಡಿಯಲ್ಲಿ ಅದಕ್ಕೆ ಕಹಿ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಆದರೆ ನಿಮ್ಮ ಬೀಜದ ಸಿಹಿ ಇಳಿಯುವುದು ಆ ಎರಡನೇ ನೀರಿನಲ್ಲೇ. ಎರಡೂ ಸೇರಿದ 200 ಮಿಲಿಗೆ 60 ಮಿಲಿ ಬಿಸಿನೀರು ಬೆರೆಸಿ ಇಬ್ಬರು ಕುಡಿಯಿರಿ, ಹಾಲು ಬೇಡ.

ಬೇರೆ ಸಲಕರಣೆ ಕೊಳ್ಳುವುದಿದ್ದರೆ ನನ್ನ ಮತ ಫ್ರೆಂಚ್ ಪ್ರೆಸ್‌ಗೆ. ಪುಡಿ ಹೆಚ್ಚುಕಡಿಮೆಯಾದರೂ ಅದು ಸಹಿಸಿಕೊಳ್ಳುತ್ತದೆ. 30 ಗ್ರಾಂ ಪುಡಿ, 480 ಮಿಲಿ ನೀರು, ನಾಲ್ಕು ನಿಮಿಷದ ಮೇಲೆ ಒಮ್ಮೆ ಕಲಕಿ ನೊರೆ ತೆಗೆದು, ಇನ್ನೈದು ನಿಮಿಷ ಕಾದು, ಜರಡಿಯನ್ನು ತಳದವರೆಗೆ ಒತ್ತದೆ ಮೇಲ್ಮಟ್ಟದಲ್ಲೇ ನಿಲ್ಲಿಸಿ ನಿಧಾನವಾಗಿ ಬಗ್ಗಿಸಿ. ಯೂಟ್ಯೂಬಿನಲ್ಲಿ ಎಲ್ಲರೂ ತೋರಿಸುವ ವಿ60 ಎಂಬ ಶಂಕುವಿನ ಸೋಸುಕವೂ ಚೆನ್ನ. ಕಾಗದ ಎಣ್ಣೆಯಂಶವನ್ನು ಹಿಡಿದುಕೊಳ್ಳುವುದರಿಂದ ಕಾಫಿ ತಿಳಿಯಾಗಿ, ಹಣ್ಣಿನ ರುಚಿ ಎದ್ದು ಕಾಣುತ್ತದೆ. 15 ಗ್ರಾಂಗೆ 240 ಮಿಲಿ. ಮೊದಲು 45 ಮಿಲಿ ಹಾಕಿ ಮುಕ್ಕಾಲು ನಿಮಿಷ ಕಾಯಿರಿ, ಉಳಿದದ್ದನ್ನು ಎರಡು ಸಲ ಹಾಕಿ, ಒಟ್ಟು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ಆದರೆ ಮಿಕ್ಸಿ ಪುಡಿಯ ಹಿಟ್ಟು ಕಾಗದವನ್ನು ಕಟ್ಟಿಸುತ್ತದೆ, ಒಳ್ಳೆಯ ಗ್ರೈಂಡರ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಯಾವ ಸಲಕರಣೆಯಾದರೂ ತಿದ್ದುವ ಕ್ರಮ ಒಂದೇ. ಹುಳಿ ಚುಚ್ಚಿ, ಬಾಯಿ ಖಾಲಿ ಅನ್ನಿಸಿದರೆ ಪುಡಿ ಇನ್ನೊಂಚೂರು ನುಣ್ಣಗೆ. ಕಹಿಯಾಗಿ, ನಾಲಿಗೆ ಒಣಗಿ ಒಗರೆನ್ನಿಸಿದರೆ ಇನ್ನೊಂಚೂರು ತರಿ. ರುಚಿ ಸರಿಯಿದ್ದು ಬರೀ ತೆಳುವಾಗಿದ್ದರೆ ಮಾತ್ರ ಪುಡಿಯ ಪ್ರಮಾಣ ಹೆಚ್ಚಿಸಿ. ಹುಳಿ ಬಂತೆಂದು ಇನ್ನೊಂದು ಚಮಚ ಪುಡಿ ಹಾಕುವವರೇ ಹೆಚ್ಚು. ಅದರಿಂದ ಅದೇ ಹುಳಿ ಇನ್ನಷ್ಟು ಗಟ್ಟಿಯಾಗಿ ಬರುತ್ತದೆ.

ನೀರು ಎಷ್ಟು ಬಿಸಿಯಿರಬೇಕು ಎಂದು ತಲೆಕೆಡಿಸಿಕೊಳ್ಳಬೇಡಿ. ಪುಸ್ತಕದಲ್ಲಿ 90ರಿಂದ 96 ಡಿಗ್ರಿ ಎಂದಿರುತ್ತದೆ. ಸಮುದ್ರಮಟ್ಟದಿಂದ ಎತ್ತರವಿರುವ ಬೆಂಗಳೂರಿನಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ, ನಿಮ್ಮಲ್ಲಿ 98ರ ಹತ್ತಿರ. ಪುಡಿಗೆ ತಾಗುವಷ್ಟರಲ್ಲಿ ಇನ್ನೂ ಇಳಿಯುತ್ತದೆ. ಕಡಿಮೆ ಹುರಿದ ಬೀಜಕ್ಕೆ ಕುದಿಯುವ ನೀರನ್ನೇ ಹಾಕಿ.

ಯಾವ ನೀರು ಎಂಬುದು ಮಾತ್ರ ನಿಜವಾಗಿ ಮುಖ್ಯ. ಪಾತ್ರೆಯಲ್ಲಿ ಬಿಳಿ ಪರೆ ಕಟ್ಟುವ ಬೋರ್‌ವೆಲ್ ನೀರಿನ ಕ್ಷಾರ ಕಾಫಿಯ ಹುಳಿಯನ್ನು ಕೊಂದು, ಸಪ್ಪೆಯಾದ ಸುಣ್ಣದ ರುಚಿ ಕೊಡುತ್ತದೆ. ಆರ್‌ಒ ನೀರಿನಲ್ಲಿ ಖನಿಜವೇ ಇಲ್ಲದಿದ್ದರೆ ಅದಕ್ಕೆ ತದ್ವಿರುದ್ಧ, ಕಾಫಿ ತೆಳುವಾಗಿ, ಹುಳಿ ಮೊನಚಾಗುತ್ತದೆ. ನೀವು ಬಳಸಿದ್ದು ಆರ್‌ಒ ನೀರಾದರೆ ನಿಮ್ಮ ಹುಳಿಗೆ ಅದೂ ಕೈಸೇರಿಸಿರಬಹುದು. ಭದ್ರಾ ನಾಲೆಯ ನಲ್ಲಿ ನೀರು ಬರುವ ಬಡಾವಣೆಯಾದರೆ ಅದನ್ನೇ ಸೋಸಿ ಕುದಿಸಿ ನೋಡಿ. ಬೋರ್ ನೀರೇ ಆದರೆ ಅದರ ಒಂದು ಪಾಲಿಗೆ ಎರಡು ಪಾಲು ಆರ್‌ಒ ನೀರು ಬೆರೆಸಿಕೊಳ್ಳಿ.

ಹಾಲಿಲ್ಲದೆ ಸೇರುವುದೇ ಇಲ್ಲ ಎಂದರೆ? ಈ ಪೊಟ್ಟಣಕ್ಕೆ ಹಾಲು ಹಾಕುವುದು ಪಾಪವೇನಲ್ಲ, ಆದರೆ ನಷ್ಟ. 650 ರೂಪಾಯಿ ಕೊಟ್ಟದ್ದು ಯಾವ ಸೂಕ್ಷ್ಮಕ್ಕೋ ಅದನ್ನು ಹಾಲಿನ ಕೊಬ್ಬು ಮುಚ್ಚಿಹಾಕುತ್ತದೆ. ಹುಳಿಯಿರುವ ಡಿಕಾಕ್ಷನ್‌ಗೆ ತುಸು ಹಳೆಯ ಹಾಲಾದರೆ ಒಡೆಯಲೂಬಹುದು. ಬೆಳಗಿನ ಹಾಲಿನ ಕಾಫಿಗೆ ನಿಮ್ಮೂರಿನಲ್ಲೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯಿಂದ ಪೀಬೆರಿ ಮತ್ತು ರೋಬಸ್ಟಾ ಬೆರೆಸಿದ್ದು ತನ್ನಿ, ಚಿಕೋರಿ ಬೇಕಾದರೆ ಸ್ವಲ್ಪ ಸೇರಿಸಿಕೊಳ್ಳಿ. ನಾನೂ ಮನೆಯಲ್ಲಿ ಬೆಳಿಗ್ಗೆ ಕುಡಿಯುವುದು ಅದನ್ನೇ. ಸಿಹಿ ಬೇಕೆನ್ನುವವರಿಗೆ ಇನ್ನೊಂದು ದಾರಿ ಮಲೆನಾಡು, ಕೊಡಗಿನ ಬೆಲ್ಲದ ಕಾಫಿ. ಬಣ್ಣ ತೆಗೆಯದ ಬೆಲ್ಲದ ಚಿಕ್ಕ ಚೂರು ಹಾಕಿದರೆ ಎಸ್.795ರ ಕೋಕೋ ರುಚಿ ಇನ್ನಷ್ಟು ಎದ್ದುಬರುತ್ತದೆ. ಸ್ಪೆಷಾಲ್ಟಿ ಕಾಫಿಯ ಮಡಿವಂತರು ಮೂಗು ಮುರಿಯಬಹುದು, ಮುರಿಯಲಿ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ಗ್ರಾಂ ತೋರಿಸುವ ಅಡುಗೆ ತಕ್ಕಡಿ, ಆಮೇಲೆ ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್. ಎಸ್ಪ್ರೆಸೊ ಮೆಷೀನಿನ ಮಾತು ಬಿಟ್ಟುಬಿಡಿ. ಉಳಿದ ಬೀಜವನ್ನು ಫ್ರಿಜ್‌ನಲ್ಲಿ ಇಡಬೇಡಿ, ಗಾಳಿಯಾಡದ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಿ. ಮಗಳು ಮತ್ತೆ ಗಿರಿಯ ಕಡೆ ಹೋದರೆ ಈ ಸಲ ‘ಮೀಡಿಯಂ ರೋಸ್ಟ್’ ಕೇಳಲು ಹೇಳಿ, ನಿಮ್ಮ ಸ್ಟೀಲ್ ಫಿಲ್ಟರ್‌ಗೆ ಅದು ಇದಕ್ಕಿಂತ ಸುಲಭವಾಗಿ ಒಗ್ಗುತ್ತದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಕೆಲವೆಡೆ ಫೆಬ್ರವರಿವರೆಗೆ ನಡೆಯುತ್ತದೆ. ಒಣಗಿ, ಕ್ಯೂರಿಂಗ್ (ಹೊರಸಿಪ್ಪೆ ತೆಗೆದು ವಿಂಗಡಿಸುವುದು) ಆಗಿ, ಒಂದಷ್ಟು ದಿನ ಮಲಗಿ ಹೊಸ ಬೆಳೆಯ ಬೀಜ ಹುರಿಯುವವರ ಕೈಗೆ ಬರುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ಕೊಳ್ಳುವುದಿದ್ದರೆ ಅದರ ನಂತರ ಕೊಳ್ಳಿ.